ಸೊಂಟಕ್ಕೆ ಕಟ್ಟಿದ ಟವೆಲ್

ಸುದ್ದಗುಂಟೆಪಾಳ್ಯ
ಅಕ್ಟೋಬರ್ 2001

ತಮ್ಮ ಚಿಕ್ಕಬೈರನಿಗೆ ಅಣ್ಣನ ಆಶೀರ್ವಾದ.

ಅಲ್ಲಿ ಅಮ್ಮನ ಮಂಡಿನೋವು ಕಡಿಮೆಯಾಯಿತೆ? ಅಪ್ಪನಿಗೆ ಕೆಮ್ಮು ಇನ್ನೂ ಇದೆಯೆ? ನೀನೂ ಹೋಗಿ ಸೇರಿಕೊಂಡ ಮೇಲೆ ಅವರಿಗೆ ಬೇಸರ ಕಳೆದಿರಬೇಕು. ಇಲ್ಲಿ ನಿನ್ನ ಹೆಂಡತಿ ಮುನಿಲಕ್ಷ್ಮಮ್ಮ ಗಟ್ಟಿಯಾಗಿದ್ದಾಳೆ.

ಮಳೆಗಾಲ ಮುಗಿದು ಜಲಪಾತ ತುಂಬಿದೆಯೆಂದು ನಿನ್ನ ಮಗಳು ಅರ್ಪಿತ ಭಾನುವಾರ ನಿನ್ನ ಕ್ಯಾಮೆರಾ ಹಿಡಿದು ಮುತ್ಯಾಲಮಡುವಿಗೆ ಹೊರಟಳು. ಬೇಡವೆಂದರೆ ಕೇಳುವವಳಲ್ಲ. ನಾನೂ ಹೋದೆ. ಬಂಡೆಯ ತುಂಬ ಪಾಚಿ. ಫೋಟೋ ತೆಗೆಯುವಾಗ ನಿನಗೆ ಕಟ್ಟುತ್ತಿದ್ದ ಹಾಗೆಯೇ ಅವಳ ಸೊಂಟಕ್ಕೆ ನನ್ನ ಉದ್ದನೆಯ ಟವೆಲ್ ಕಟ್ಟಿ, ತುದಿಯನ್ನು ಕೈಗೆ ಸುತ್ತಿಕೊಂಡು ನಿಂತೆ. ನೀನು ಒಬ್ಬನೇ ಹೋಗಿ ಅದೇ ಬಂಡೆಯಿಂದ ಜಾರಿಬಿದ್ದ ಆ ದಿನ ಅದು ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು.

ಅವಳು ಅಂಚಿಗೆ ಬಗ್ಗಿದಳು. "ದೊಡ್ಡಪ್ಪಾ, ಸ್ವಲ್ಪ ಲೂಸ್ ಬಿಡಿ. ಎಮ್ಮೆ ಹಿಡ್ಕೊಂಡಂಗೆ ಹಿಡ್ಕೊಂಡಿದೀರ!"

"ಎಮ್ಮೆ ಆಗಿದ್ರೆ ಹೇಳಿದ್ ಮಾತು ಕೇಳ್ತಿತ್ತು ಕಣೆ."

ಅಷ್ಟರಲ್ಲಿ ಅವಳ ಕಾಲು ಜಾರಿತು. ಟವೆಲ್ ಬಿಗಿದು ನನ್ನ ಬೆರಳುಗಳಿಗೆ ಕಚ್ಚಿತು. ಅವಳು ಬಂಡೆಯ ಮೇಲೆ ಮಂಡಿಯೂರಿ ಕುಳಿತಳು. ಆಮೇಲೆ ಅಲ್ಲಿಂದಲೇ ಫೋಟೋ ತೆಗೆದಳು. ಅಷ್ಟು ಹೊತ್ತೂ ನಾನು ಟವೆಲ್ಲನ್ನು ಹಿಂದಕ್ಕೆ ಎಳೆದು ಹಿಡಿದೇ ಇದ್ದೆ.

ಇವತ್ತು ಜಯನಗರದ ಸ್ಟುಡಿಯೋದಿಂದ ಪ್ರಿಂಟುಗಳನ್ನು ತಂದೆ. ಒಂದೂ ನೆಟ್ಟಗಿಲ್ಲ. "ಯಾರೋ ಹಿಂದಿಂದ ಎಳೆದಂಗಿದೆ ಸಾರ್, ಎಲ್ಲಾ ಶೇಕ್ ಆಗೋಗಿದೆ" ಎಂದ ಸ್ಟುಡಿಯೋದವನು. ನೀನಾಗಿದ್ದರೆ ರೀಲು ಹಾಳಾಯಿತೆಂದು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಬೈದಾದರೂ ಸರಿ, ಬೇಗ ಒಂದು ಕಾಗದ ಬರಿ.