ನೋಡ್ತೀನಿ ಅಂದಿದ್ದರು

ಜೂನ್ ೧೯, ೧೯೮೩, ಭಾನುವಾರ. ಗುಬ್ಬಿ

ಇವತ್ತೂ ಸಾರಿಗೆ ಉಪ್ಪು ಜಾಸ್ತಿ. ಅತ್ತೆ ಎರಡು ಲೋಟ ನೀರು ಸುರಿದು ಮತ್ತೆ ಕುದಿಸಿದರು, ಅಷ್ಟೆ. ಮದುವೆಯಾಗಿ ಇಪ್ಪತ್ತೆಂಟು ದಿನ.

ಆದರೂ ಸೂಪರ್ ದಿನ! ಊಟ ಆದಮೇಲೆ ಇವರಿಗೆ ನನ್ನ ಬಿಸ್ಕತ್ ಡಬ್ಬ ತೆಗೆದು ತೋರಿಸಿದೆ. ಸಿಲ್ವರ್ ಹೆರನ್ ಕಾಮಿಕ್ಸ್, ಒಂದರಿಂದ ಹನ್ನೆರಡು, ಒಂದೂ ಮಿಸ್ ಇಲ್ಲ. ಹಾಸ್ಟೆಲಿನಲ್ಲಿ ಸಿಸ್ಟರ್ ಕಣ್ಣು ತಪ್ಪಿಸಿ ಹಾಸಿಗೆ ಕೆಳಗೆ ಕಾಪಾಡಿದ್ದು. ಹೀರೋಗೆ ಬೆಳ್ಳಿ ಮುಖವಾಡ, ಕೊಕ್ಕರೆ ರೆಕ್ಕೆ, ಹಗಲೆಲ್ಲ ಗಡಿಯಾರ ರಿಪೇರಿ... ಹಾ!

ಇವರು ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್. ಕೈ ತೊಳೆದು ಒರೆಸಿಕೊಂಡು ಬಂದು ಕೂತರು. ಒಂದೊಂದು ಪುಟಕ್ಕೆ ಐದೈದು ನಿಮಿಷ. "ನೋಡು, ಇವನ ನೆರಳು ಬಾಗಿಲ ಕಡೆಗೆ ಬಿದ್ದಿದೆ. ಅಂದ್ರೆ ದೀಪ ಹಿಂದಿದೆ. ಹಿಂದೆ ಯಾರೋ ಹಿಡ್ಕೊಂಡು ನಿಂತಿದಾರೆ." ಹತ್ತು ಸಲ ಓದಿದ್ದೀನಿ, ಆ ನೆರಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಮಾತೆಲ್ಲ ನೀನೇ ಓದಿ ಹೇಳು ಕಣೇ. ನಿನ್ನ ಬಾಯಲ್ಲಿ ಚೆಂದ."

ಹೆಣ್ಣು ನೋಡಲು ಬಂದ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ: ಕಾಮಿಕ್ಸ್ ಇಷ್ಟಾನಾ? "ಓಹೋ, ನೋಡ್ತೀನಿ" ಅಂದಿದ್ದರು. ಅಷ್ಟಕ್ಕೇ ಒಪ್ಪಿಬಿಟ್ಟೆ. ಅಮ್ಮನಿಗೆ ಗೊತ್ತಾದರೆ ಸಾಯಿಸುತ್ತಾಳೆ.

ಜುಲೈ ೮, ಶುಕ್ರವಾರ

ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕಂತೆ, ಒಂದು ತಿಂಗಳು ಗಂಡನ ಮುಖ ನೋಡುವ ಹಾಗಿಲ್ಲ. ಯಾರು ಮಾಡಿದ್ದೋ ಈ ರೂಲ್!

ಐಡಿಯಾ ಮಾಡಿದ್ದೀನಿ. ಪ್ರತಿ ಭಾನುವಾರ ಮೂರು ಗಂಟೆಗೆ ಇವರು ಗುಬ್ಬಿಯಲ್ಲಿ, ನಾನು ಕುಣಿಗಲಿನಲ್ಲಿ, ಇಬ್ಬರಿಗೂ ಒಂದೇ ಇಶ್ಯೂ. ಪುಸ್ತಕ ಅವರ ಹತ್ತಿರ, ನನಗೆ ಬಾಯಿಪಾಠ. ನಾನಿನ್ನೂ ಓದಿ ಹೇಳದ ಇಶ್ಯೂಗಳ ಲಿಸ್ಟ್ ಬರೆದುಕೊಟ್ಟೆ. ಶುರು ಮಾಡುವವರು ಯಾರಾದರೂ ಸರಿ, ನಂಬರ್ ಮೂರರಿಂದಲೇ ಮಾಡಬೇಕು, ಕಡಲ ದೀಪಸ್ತಂಭದ ಮುದುಕನ ಕಥೆ, ಐದು ಸ್ಟಾರ್, ಒಂದು ಎರಡು ಆಮೇಲೆ ಓದಿದರೂ ನಡೆಯುತ್ತೆ. ಏಳರಲ್ಲಿ ಕಥೆ ಸುಮಾರು, ಆದರೆ ರೈಲ್ವೆ ಸೇತುವೆ ಮೇಲಿನ ಫೈಟ್!! ಒಂಬತ್ತನ್ನು ಶತ್ರುವಿಗೂ ಕೊಡಬಾರದು — ಹೆರನ್ ಹಾಡು ಹೇಳುತ್ತಾನೆ, ಥೂ. ಹನ್ನೆರಡು ಕೊನೇ ಭಾನುವಾರ. ಕರ್ಚೀಫ್ ಇಟ್ಟುಕೊಂಡು.

"ಓದಿ ಕಾಗದ ಬರೀಬೇಕು. ಪ್ರಾಮಿಸ್?"

"ಬರೀತೀನಿ ಬಿಡು" ಅಂದರು, ಮುಖ ಆ ಕಡೆ ತಿರುಗಿಸಿಕೊಂಡು. ನಾಚಿಕೆ!

ಜುಲೈ ೨೦, ಬುಧವಾರ. ಕುಣಿಗಲ್

ಕಾಗದ ಬಂತು. ಇನ್‌ಲ್ಯಾಂಡಿನ ಅಂಚಿನವರೆಗೂ ಬರೆದಿದ್ದಾರೆ. ಮುತ್ತಿನಂಥ ಅಕ್ಷರ.

ಆದರೆ... ಇದು ನಂಬರ್ ಮೂರಿನ ಕಥೆಯೇ ಅಲ್ಲ. ದೀಪಸ್ತಂಭದ ಮುದುಕ ಹಡಗು ಮುಳುಗಿಸುವ ಪಾಪಿ. ಇವರು ಬರೆದಿದ್ದಾರೆ — ಅವನು ಹೆರನ್‌ನ ಅಪ್ಪ. ಮಗ ಬಂದಾನೆಂದು ದೀಪ ಹಚ್ಚಿಕೊಂಡು ಕೂತಿದ್ದಾನೆ. ಮಗ ಬಂದಿದ್ದಾನೆ, ಮುಖವಾಡ ತೆಗೆಯಲು ಧೈರ್ಯವಿಲ್ಲ. "ಚಿತ್ರಗಾರ ಇಬ್ಬರ ಕಿವಿಯೂ ಒಂದೇ ಥರ ಬರೆದಿದ್ದಾನೆ, ಗಮನಿಸಿದೆಯಾ?"

ಮೂರು ಸಲ ಓದಿದೆ. ಆಮೇಲೆ ಹೊಳೆಯಿತು. ಇವರು ಮಾತಿನ ಒಂದು ಬಲೂನನ್ನೂ ಓದಿಲ್ಲ. ಇವರಿಗೆ ಇಂಗ್ಲಿಷ್ ಬರುವುದಿಲ್ಲ.

ಏನು ಅನ್ನಿಸಿತೋ ಗೊತ್ತಿಲ್ಲ. ನಗು ಬಂತು. ಮೊದಲು ನಗುವೇ ಬಂದದ್ದು.

ಜುಲೈ ೨೭, ಬುಧವಾರ

ಎರಡನೇ ಕಾಗದ, ನಂಬರ್ ಏಳು. ಸೇತುವೆ ಮೇಲೆ ಹೊಡೆದಾಟವೇ ಇಲ್ಲವಂತೆ. ಸಡಿಲವಾದ ಬೋಲ್ಟ್ ಬಿಗಿಯಲು ಇಬ್ಬರೂ ಸ್ಪ್ಯಾನರ್‌ಗೆ ಕಿತ್ತಾಡುತ್ತಿದ್ದಾರಂತೆ!

ತಡೆಯಲಾಗಲಿಲ್ಲ. ತಮ್ಮ ಸುಬ್ಬುಗೂ ಪಕ್ಕದ ಮನೆ ಉಮಾಗೂ ಗಟ್ಟಿಯಾಗಿ ಓದಿದೆ. ಇವರ ಧ್ವನಿಯಲ್ಲೇ, ಕಣ್ಣು ಕಿರಿದು ಮಾಡಿಕೊಂಡು. ಉಮಾ ನೆಲದ ಮೇಲೆ ಬಿದ್ದು ಹೊರಳಾಡಿದಳು. "ಭಾವ ಭಾರೀ ಡೈರೆಕ್ಟ್ರು ಕಣೇ ಅಕ್ಕ" ಅಂದ ಸುಬ್ಬು. ಎಲ್ಲರಿಗಿಂತ ಜಾಸ್ತಿ ನಕ್ಕದ್ದು ನಾನು.

ಅಮ್ಮ ಬಾಗಿಲಲ್ಲಿ ನಿಂತು, "ವಾರಿಜ, ಗಂಡನ ಕಾಗದ ಹೀಗೆ ಓದ್ತಾರೇನೇ?" ಅಂದಳು. ಅಮ್ಮ ಓಲ್ಡ್ ಫ್ಯಾಶನ್.

ಜುಲೈ ೨೯, ಶುಕ್ರವಾರ

ತುಮಕೂರಿನಿಂದ ಕಾಲೇಜು ಮುಗಿಸಿ ಬಂದ ಸುಬ್ಬು ಚಪ್ಪಲಿ ಬಿಡುತ್ತಲೇ ಹೇಳಿದ, "ಬಸ್‌ಸ್ಟ್ಯಾಂಡಲ್ಲಿ ಭಾವ ಸಿಕ್ಕಿದ್ರು. ಹೆರನ್ ಅಪ್ಪ ಕ್ಷೇಮವಾ ಭಾವ ಅಂದೆ. ಅಕ್ಕ ಓದಿ ಹೇಳಿದ್ಲು, ನಕ್ಕೂ ನಕ್ಕೂ ಹೊಟ್ಟೆನೋವು ಬಂತು ಅಂದೆ."

"ಅಯ್ಯೋ! ಏನಂದ್ರೋ?"

"ನಕ್ರು. ಕಾಫಿ ಕುಡಿಸಿದ್ರು. ಆಮೇಲೆ ಕೇಳಿದ್ರು — ಅಲ್ಲಿ ಬರೆದಿರೋದು ಬೇರೇನಾ ಅಂತ."

"ನೀನೇನಂದೆ?"

"ಪೂರ್ತಿ ಬೇರೆ ಅಂದೆ. ಇನ್ನೇನನ್ನಲಿ?"

ಅಡುಗೆಮನೆಗೆ ಹೋಗಿ ನೀರು ಕುಡಿದೆ. ಇವರು ಸುಳ್ಳು ಹೇಳಿರಲಿಲ್ಲ. ಓದ್ತೀನಿ ಅಂದಿರಲಿಲ್ಲ ಆವತ್ತು. ನೋಡ್ತೀನಿ ಅಂದಿದ್ದರು.

ಆಗಸ್ಟ್ ೩, ಬುಧವಾರ

ಕಾಗದವಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಮನೆ ದಾಟಿ ಹೋದ.

ನಾನೇ ಬರೆದೆ. ಹರಿದೆ. ಮತ್ತೆ ಬರೆದೆ. ಸಾರಿ ಎನ್ನುವುದು ಕನ್ನಡದಲ್ಲಿ ಎಷ್ಟು ಕಷ್ಟ... ಕೊನೆಗೆ ನಾಲ್ಕೇ ಸಾಲು. ಪೋಸ್ಟಿಗೆ ಹಾಕಿ ಬಂದೆ.

ಆಗಸ್ಟ್ ೮, ಸೋಮವಾರ. ಭೀಮನ ಅಮಾವಾಸ್ಯೆ

ಮೊದಲ ವರ್ಷದ ಪೂಜೆ. ಗಂಡನ ಪಾದ ತೊಳೆದು ಪೂಜೆ ಮಾಡಬೇಕು. ಅಪ್ಪ ಖುದ್ದು ಗುಬ್ಬಿಗೆ ಹೋಗಿ ಕರೆದು ಬಂದಿದ್ದರು. ಹನ್ನೊಂದು, ಹನ್ನೆರಡು, ಒಂದು ಗಂಟೆಯ ಬಸ್ಸೂ ಬಂದು ಹೋಯಿತು. ಇವರು ಬರಲಿಲ್ಲ.

"ಡ್ಯೂಟಿ ಇರುತ್ತೆ, ದೀಪದ ಕಂಬಕ್ಕೇ ಮಾಡು" ಎಂದಳು ಅಮ್ಮ. ಮದುವೆಯಾಗದ ಹುಡುಗಿಯರು ಮಾಡುತ್ತಾರಲ್ಲ, ಹಾಗೆ. ಉಮಾ ಪಕ್ಕದಲ್ಲೇ ಕೂತು ಮಾಡಿದಳು. ಇಬ್ಬರದೂ ಒಂದೇ ಪೂಜೆ.

ಅರಿಶಿನದ ದಾರ ನಾನೇ ಕಟ್ಟಿಕೊಂಡೆ. ಒಂದು ಕೈಯಲ್ಲಿ ಗಂಟು ನಿಲ್ಲುವುದಿಲ್ಲ.

ಆಗಸ್ಟ್ ೧೪, ಭಾನುವಾರ

ಬಂದರು! ಇಸ್ತ್ರಿ ಶರ್ಟು. ಅಪ್ಪನ ಹತ್ತಿರ ಮಳೆ ಮಾತಾಡಿದರು, ಅಮ್ಮನ ಹೋಳಿಗೆ ಎರಡು ತಿಂದರು, ಸುಬ್ಬು ಬೆನ್ನು ತಟ್ಟಿದರು. ನನಗೆ "ಹೊರಡೋಣವಾ?" ಅಂದರು. ಬಸ್ಸಿನಲ್ಲಿ ಕಿಟಕಿ ಸೀಟು ನನಗೇ ಬಿಟ್ಟರು.

"ನನ್ನ ಕಾಗದ ಬಂತಾ?"

"ಬಂತು."

ಹೆಬ್ಬೂರು ಹೋಯಿತು, ತುಮಕೂರು ಬಂತು, ಬಸ್ ಬದಲಾಯಿಸಿದೆವು. ಇನ್ನೊಂದು ಮಾತಿಲ್ಲ. ಜಗಳವಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆಗಸ್ಟ್ ೧೭, ಬುಧವಾರ. ಗುಬ್ಬಿ

ಇವರು ಫ್ಯಾಕ್ಟರಿಗೆ ಹೋದಮೇಲೆ ಡಬ್ಬ ತೆಗೆದೆ. ನಂಬರ್ ಮೂರು ದಪ್ಪಗಾಗಿತ್ತು. ಬಲೂನುಗಳ ಸುತ್ತ ಅಂಟಿನ ಕಲೆ, ಕಾಗದ ಕಿತ್ತ ನಾರು. ಪ್ರತಿ ಪುಟದಲ್ಲೂ. ಏಳರಲ್ಲೂ ಹಾಗೇ.

ಏನೋ ಅಂಟಿಸಿ, ಆಮೇಲೆ ಕಿತ್ತಿದ್ದಾರೆ.

ಒಂದು ಮಾತ್ರ ಉಳಿದಿದೆ. ಮೂರರ ಹದಿನೇಳನೇ ಪುಟ, ಮೂಲೆಯ ಚಿಕ್ಕ ಚೌಕ. ಡ್ರಾಯಿಂಗ್ ಷೀಟನ್ನು ಬಲೂನಿನ ಆಕಾರಕ್ಕೇ ಕತ್ತರಿಸಿದ್ದಾರೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಮುದುಕ ಹೇಳುತ್ತಿದ್ದಾನೆ:

"ತೆಗೀಬೇಡ ಮಗೂ. ನಡಿಗೇಲೇ ಗೊತ್ತಾಯ್ತು."

ಅತ್ತೆ ಹಿಂದೆ ಬಂದು ನಿಂತಿದ್ದರು. "ಇದೇನಾ? ಅಮಾವಾಸ್ಯೆಗೆ ನಿಂಗೆ ಕೊಡ್ಬೇಕು ಅಂತ ದಿನಾ ಕೂತು ಅಂಟಿಸ್ತಿದ್ದ ಕಣಮ್ಮ. ಆಮೇಲೊಂದು ದಿನ ಎಲ್ಲಾ ಕಿತ್ತು ಒಲೆಗೆ ಹಾಕ್ದ."

ಸಂಜೆ ಕೇಳಿದೆ, ಯಾಕೆ ಕಿತ್ತಿರಿ?

"ತಪ್ಪಿತ್ತಲ್ಲ. ರಿಜೆಕ್ಟ್ ಪೀಸ್ ನಾವು ಹೊರಗೆ ಬಿಡಲ್ಲ" ಎಂದರು. ಕೋಪವಿಲ್ಲ. ಸೂಪರ್‌ವೈಸರ್ ಹತ್ತಿರ ಹೇಳುವ ಹಾಗೆ.

ಉಳಿದ ಆ ಒಂದು ಚೂರನ್ನು ತೋರಿಸಲಿಲ್ಲ. ತೋರಿಸಿದರೆ ಅದನ್ನೂ ಕೀಳುತ್ತಾರೆ.

ಆಗಸ್ಟ್ ೨೧, ಭಾನುವಾರ, ನಾಲ್ಕು ಗಂಟೆ

ಮೂರಕ್ಕೆ ಸರಿಯಾಗಿ ಇವರೇ ಡಬ್ಬ ತಂದರು. ನನಗೆ ಕುಣಿಯಬೇಕು ಅನ್ನಿಸಿತು!

"ಹನ್ನೆರಡು ಬಾಕಿ ಇತ್ತಲ್ಲ" ಅಂದರು. "ತುಮಕೂರಲ್ಲಿ ರುದ್ರಯ್ಯ ಮೇಷ್ಟ್ರ ಹತ್ರ ಟ್ಯೂಷನ್‌ಗೆ ಸೇರಿದೀನಿ. ಶಿಫ್ಟ್ ಮುಗಿಸಿ. ಎಲ್ಲಾ ಕ್ಯಾಪಿಟಲ್ ಲೆಟರ್, ನಮ್ಮ ಫ್ಯಾಕ್ಟರಿ ಡ್ರಾಯಿಂಗ್ ಥರಾನೇ. ಓದ್ಲಾ?"

ಓದಿದರು. ಒಂದೊಂದು ಅಕ್ಷರದ ಕೆಳಗೂ ತೋರುಬೆರಳು. ಉಗುರಿನ ಸಂದಿಯಲ್ಲಿ ಗ್ರೀಸು. "ದಿ... ಓಲ್ಡ್... ಮ್ಯಾನ್... ಹ್ಯಾಸ್... ಎಸ್ಕೇ-ಪೆಡ್." ತಲೆ ಎತ್ತಿ, "ಸರೀನಾ?"

"ಎಸ್ಕೇಪ್ಡ್" ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. "ಎಸ್ಕೇಪ್ಡ್" ಅಂತ ಎರಡು ಸಲ ಹೇಳಿಕೊಂಡರು. ವಿಧೇಯ ಹುಡುಗನ ಹಾಗೆ.

ಎರಡು ಪುಟಕ್ಕೆ ಮುಕ್ಕಾಲು ಗಂಟೆ. ಅದೊಂದು ಬಿಟ್ಟರೆ ಬೇರೆ ತಪ್ಪಿಲ್ಲ. ಮುದುಕ ಪಾಪಿಯೇ.

ತಡೆಯಲಾಗದೆ ಕೇಳಿದೆ, "ರೀ, ಕಿಟಕಿ ಹತ್ರ ಆ ನೆರಳು ನೋಡಿ. ಯಾರದು ಅದು?"

"ಇರು, ಈ ಲೈನ್ ಮುಗೀಲಿ."

ಲೈನ್ ಮುಗಿಯಿತು. ಬೆರಳು ಮುಂದಿನ ಬಲೂನಿಗೆ ಹೋಯಿತು. ಅದರಿಂದ ಅದರ ಮುಂದಿನದಕ್ಕೆ. ಕಾದೆ. ಚಿತ್ರದ ಮೇಲೆ ಕಣ್ಣು ಒಂದು ಸಲವೂ ಹೋಗಲಿಲ್ಲ.