ನಗಬಾರದ ಕಂತು

ಮಾರ್ಚ್ ೩, ಸೋಮವಾರ
ರೆಕಾರ್ಡಿಂಗ್. ಸ್ಟುಡಿಯೋ ತುಂಬ ಜನ, ಮುಖಗಳು ಮಾತ್ರ ಸಪ್ಪೆ. ಕ್ಯಾಮೆರಾ ಓಡುವ ಮೊದಲು ಇವರನ್ನು ನಗಿಸಿ ಹದಕ್ಕೆ ತರೋದೇ ನನ್ನ ಕಸುಬು. ಮಾಮೂಲಿ ಪಾಠ ಹೇಳಿದೆ — ಗಂಡನ ಪಾತ್ರ ಕೈ ಎತ್ತಿದ ಕೂಡಲೇ ನಗಬೇಕು, ಏಟು ಬೀಳೋ ತನಕ ಕಾಯೋರು ದಡ್ಡರು. ಹೆಂಡತಿ ಬಗ್ಗುತ್ತಾಳೆ, ಏಟು ಗೋಡೆಗೆ. ವರ್ಷಗಟ್ಟಲೆ ನಮ್ಮ ಕಾಮಿಡಿ ಸೀರಿಯಲ್ ನಡೆದಿರೋದೇ ಇದೊಂದರ ಮೇಲೆ. ಈಗೀಗ ಆತ ತಲೆ ಕೆರೆಯಲು ಕೈ ಎತ್ತಿದರೂ ನಗ್ತಾರೆ.

ಮಾರ್ಚ್ ೫
ಮೀಟಿಂಗ್. ಎದುರು ಚಾನೆಲ್‌ನ ಕಾಮಿಡಿಯಲ್ಲಿ ಮಾವನಿಗೆ ಕುಡಿತ ಬಿಡಿಸಿದರಂತೆ. ಪೇಪರಿನವರು ಹಾಡಿ ಹೊಗಳಿದ್ದಾರೆ.
"ನಮಗೂ ಒಂದು ಸಮಸ್ಯೆ ಬೇಕು," ಅಂದರು ಚಾನೆಲ್ ಮೇಡಂ, ಸೋಫಾ ಕೊಳ್ಳೋರ ಧಾಟಿಯಲ್ಲಿ.
ರೈಟರ್: "ಒಳ್ಳೊಳ್ಳೇದೆಲ್ಲ ಅವರೇ ತಗೊಂಡ್ರು, ಮೇಡಂ."
ಮೇಡಂ ನನ್ನ ಕಡೆ ತಿರುಗಿದರು. "ಗಂಭೀರ ಕಂತಿಗೆ ನಗಿಸೋರು ಯಾಕೆ ಬೇಕು?"
ಮುಂದಿನ ಸೀಸನ್‌ನ ಕರಾರಿಗೆ ನನ್ನ ಸಹಿ ಇನ್ನೂ ಆಗಿಲ್ಲ. ಬಾಯಿಬಿಟ್ಟೆ. ಅಕ್ಕನ ಕಥೆ. ಹೆಸರು ಹೇಳಲಿಲ್ಲ, ಅಷ್ಟು ಮರ್ಯಾದೆ ಇದೆ. ಹೊಡೆಯುವ ಮೊದಲು ಭಾವ ವಾಚು ಬಿಚ್ಚಿ ಟವೆಲ್ ಮೇಲೆ ಇಡ್ತಾನೆ, ಗಾಜು ಒಡೆಯಬಾರದಲ್ಲ — ಇದು ಕೇಳಿದ್ದೇ ರೈಟರ್ ಪೆನ್ನು ತೆಗೆದ. ಮೇಡಂ ನನಗೆ ಕಾಫಿ ತರಿಸಿದರು.

ಮಾರ್ಚ್ ೯, ಭಾನುವಾರ
ಅಕ್ಕ ಬಂದಿದ್ದಳು. ಈ ಸೆಖೆಯಲ್ಲಿ ಕುತ್ತಿಗೆಗೆ ಸ್ಕಾರ್ಫು.
"ನಿನ್ನ ಮನೆ ಹಿಂಭಾಗದ ರೂಮು ಖಾಲಿ ಇದೆಯಲ್ಲೋ?"
"ಸಾಮಾನು ತುಂಬಿದೆ. ಈ ಸೀಸನ್ ಮುಗೀಲಿ, ಅಕ್ಕ."
"ನನ್ನನ್ನೂ ಒಂದು ಸಾಮಾನು ಅಂದ್ಕೋ."
ಭಾವ ಬೀದೀಲಿ ನಿಂತು ಕೂಗೋ ಆಸಾಮಿ. ಈಗ ಗಲಾಟೆಯಾದರೆ ಕಥೆ ಯಾರದ್ದು ಅಂತ ಪೇಪರಿನವರು ಕೆದಕ್ತಾರೆ. ಸಮಾಧಾನಕ್ಕೆ ರೆಕಾರ್ಡಿಂಗ್ ಪಾಸ್ ಕೊಟ್ಟೆ. ಮುಂದಿನ ಸಾಲು.

ಮಾರ್ಚ್ ೧೭
ಗಂಭೀರ ಕಂತಿನ ರೆಕಾರ್ಡಿಂಗ್. ಹೀಗಾಗುತ್ತೆ ಅಂತ ನನಗಲ್ಲದೆ ಇನ್ಯಾರಿಗೆ ಹೊಳೀಬೇಕಿತ್ತು...
ಗಂಡನ ಪಾತ್ರ ವಾಚು ಬಿಚ್ಚಿದ. ಟವೆಲ್ ಮೇಲಿಟ್ಟ. ಕೈ ಎತ್ತಿದ. ಸ್ಟುಡಿಯೋ ಘೊಳ್ಳೆಂದಿತು. ಈ ಸಲ ಹೆಂಡತಿ ಬಗ್ಗಲಿಲ್ಲ, ಬಿದ್ದಳು. ಇನ್ನೂ ಜೋರಾಗಿ ನಕ್ಕರು.
ಡೈರೆಕ್ಟರ್ ನನ್ನನ್ನು ಮುಂದೆ ಅಟ್ಟಿದ. "ದಯವಿಟ್ಟು ಇದಕ್ಕೆ ನಗಬೇಡಿ" ಅಂದೆ. ನನ್ನ ಬಾಯಲ್ಲಿ ಆ ಮಾತು! ಹೊಟ್ಟೆ ಹಿಡ್ಕೊಂಡು ನಕ್ಕರು. ಪ್ರತಿ ಟೇಕೂ ಅದೇ ಪಾಡು. ನಟಿಯ ಮೊಣಕೈ ತರಚಿ ಹೋಯ್ತು.
ಮೇಡಂ: "ನಕ್ಕರೆ ನಕ್ಕರು. ಕೊನೇಲಿ ಒಂದು ಸಹಾಯವಾಣಿ ನಂಬರ್ ಹಾಕಿ."
ಅಕ್ಕ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು.
"ವಾಚಿನ ವಿಷಯ ನಿನಗೊಬ್ಬನಿಗೇ ಹೇಳಿದ್ದು ನಾನು."
"ಹೆಸರಿಲ್ಲವಲ್ಲ, ಅಕ್ಕ."
"ನಿನ್ನ ಭಾವನಿಗೆ ಅವರ ವಾಚು ಗೊತ್ತಾಗಲ್ವಾ? ಇದು ಟೀವೀಲಿ ಬರೋ ಮೊದಲು ನನ್ನ ಕರ್ಕೊಂಡು ಹೋಗಿಬಿಡು."
ಹೂಂ ಅಂದೆ.

ಮಾರ್ಚ್ ೨೮
ನಿನ್ನೆ ಪ್ರಸಾರ ಆಯ್ತು. "ದಿಟ್ಟ ಹೆಜ್ಜೆ" ಅಂತ ಪೇಪರಲ್ಲಿ. ನನ್ನ ಸಹಿಯೂ ಆಯ್ತು. ರೂಮಿನ ಸಾಮಾನು ತೆಗೆಯಲು ಪುರುಸೊತ್ತೇ ಆಗಿಲ್ಲ. ಅಕ್ಕ ಫೋನ್ ಎತ್ತುತ್ತಿಲ್ಲ. ಕೋಪ ಇರಬೇಕು.

ಮಾರ್ಚ್ ೩೦, ಭಾನುವಾರ, ಸಂಜೆ
ಅವರ ಮನೆಗೆ ಹೋಗಿ ಬಂದೆ. ಬಾಗಿಲು ತೆಗೆದದ್ದು ಭಾವ. ನಗುಮುಖ.
"ಬಾರಯ್ಯ ದೊಡ್ಡ ಮನುಷ್ಯ. ನೋಡಿದ್ವಿ. ಇಬ್ಬರೂ ಜೊತೇಲೇ ಕೂತು ನೋಡಿದ್ವಿ."
"ಅಕ್ಕ?"
"ಮಲಗಿದ್ದಾಳೆ. ಎಬ್ಬಿಸಬೇಡ."
ಒಳರೂಮಿನ ಬಾಗಿಲಿಗೆ ಹೊರಗಿಂದ ಚಿಲಕ. ಅದರ ಮುಂದೆಯೇ ಕುರ್ಚಿ ಎಳ್ಕೊಂಡು ಕೂತ.
"ಊರನ್ನೆಲ್ಲ ನಗಿಸ್ತೀಯ. ನನಗೂ ಒಂದು ಜೋಕು ಹೇಳು, ನೋಡೋಣ."
ಹೇಳಿದೆ. ನಕ್ಕ. "ಇನ್ನೊಂದು." ಹೇಳಿದೆ. ಅಷ್ಟರಲ್ಲಿ ಒಳಗಿಂದ ಯಾರೋ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು. ಯಾರೋ ಏನು, ಅಕ್ಕನೇ. ಭಾವ ನನ್ನ ಮುಖವನ್ನೇ ನೋಡ್ತಿದ್ದ. ದನಿ ಏರಿಸಿ ಮುಂದಿನದು ಶುರು ಮಾಡಿದೆ. ಅದು ಸ್ವಲ್ಪ ಉದ್ದದ್ದು, ಅದರಲ್ಲಿ ಏನಂದ್ರೆ —