ನೀರು ಇಳಿದಾಗ ಹೋಗುವ ಕೋಟೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಆರೋಗ್ಯವಾಗಿದ್ದೇವೆ. ನೀನು ಫೋನು ಮಾಡಿದಾಗ ಇವರು ಪಕ್ಕದಲ್ಲೇ ಕೂತು ಬೂಟಿನೊಳಗಿನ ಮರಳು ಕೊಡವುತ್ತಿದ್ದರು, ಹಾಗಾಗಿ ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಾ ಹೋದೆ. ರಜೆ ಹಾಕಿ ಬರಲೇನೇ ಅಂತ ಕೇಳಿದೆಯಲ್ಲ, ಅದಕ್ಕೆ ಹೂಂ ಅಂದೆನೋ ಉಹೂಂ ಅಂದೆನೋ ನನಗೇ ನೆನಪಿಲ್ಲ. ಆಮೇಲೆ ಇವರು, ಪಾಪ, ಅವರಿಗ್ಯಾಕೆ ತೊಂದರೆ, ಪರೀಕ್ಷೆ ಪೇಪರ್ ತಿದ್ದೋ ಕಾಲ ಅಂದರು. ಹೌದಲ್ಲ ಅಂದೆ. ಬುಧವಾರದಿಂದ ಇವರಿಗೆ ದೂರದ ದ್ವೀಪದ ಕೋಟೆಯಲ್ಲಿ ಕೆಲಸ, ವಾರವಿಡೀ ಅಲ್ಲೇ ತಂಗಬೇಕು. ನಾನೂ ಕೂಸು ಗುಬ್ಬಿಯೂ ಇಲ್ಲಿ ಇಬ್ಬರೇ ಇರುತ್ತೇವೆ. ಇರಲಿಕ್ಕೇನು? ಮಹಡಿಯ ಮೇಲೆ ಎರಡು ಕೋಣೆ, ಕಿಟಕಿ ತೆಗೆದರೆ ಸಮುದ್ರ, ಕೂಗಿದರೆ ಓಗೊಡಲು ಕೆಳಗೆ ಮನೆಯೊಡತಿ. ಅವರಿಗೆ ಕಿವಿ ಸ್ವಲ್ಪ ಮಂದ, ಅಷ್ಟೆ.

ಊರು ಹೇಗಿದೆ ಬರೆ ಅಂದಿದ್ದೆ. ಚೆನ್ನಾಗಿದೆ. ಚಿತ್ರದಲ್ಲಿ ಇರುವಂತೆಯೇ ಇದೆ. ಬೀದಿಯೆಲ್ಲ ಇಳಿಜಾರು, ಯಾವ ಬೀದಿ ಹಿಡಿದರೂ ಕೊನೆಗೆ ನೀರು. ಕೋಟೆಗಳಿಗಂತೂ ಬರವಿಲ್ಲ. ಗುಡ್ಡದ ಮೇಲೊಂದು, ನದಿ ಬಂದು ಸೇರುವಲ್ಲಿ ಒಂದು, ಸಮುದ್ರದೊಳಗೇ ಒಂದು. ಇವರು ಗೋಡೆಗಳ ಬಿರುಕು ನೋಡುವುದಕ್ಕೆ ಹೋದಲ್ಲೆಲ್ಲ ನಾನೂ ಗುಬ್ಬಿಯನ್ನು ಎತ್ತಿಕೊಂಡು ಹೋಗುತ್ತೇನೆ. ಗಾಳಿ ಬದಲಾದರೆ ಮನಸ್ಸು ಸರಿಹೋಗುತ್ತೆ ಅಂತ ಡಾಕ್ಟರು ಹೇಳಿದ್ದರಲ್ಲ, ಅದಕ್ಕೆ. ಗಾಳಿ ಬದಲಾಗಿದೆ.

ಗುಡ್ಡದ ಹಿಂದೆ ಪಾಳು ಅರಮನೆ ಇದೆ, ಮಾಡು ಎಂದೋ ಹೋಗಿದೆ. ತೋರಿಸಲು ಬರುವ ಗೈಡ್ ತಾತ ಯಾವ ಕೋಣೆಗೆ ಹೊಕ್ಕರೂ ಇದು ರಾಣಿಯವರ ಅಂತಃಪುರ ಅನ್ನುತ್ತಾರೆ. ಕುದುರೆ ಲಾಯಕ್ಕೂ ಅದೇ ಮಾತು. ಎಲ್ಲಾ ರಾಣಿಗೇ ಆದ್ರೆ ರಾಜ ಎಲ್ಲಿ ಮಲಗ್ತಿದ್ದ ತಾತಾ ಅಂತ ಇವರು ಕೇಳಿದರು. ಮಗು ಇರೋ ಮನೇಲಿ ಗಂಡಸಿಗೆ ಜಾಗ ಎಲ್ಲಿ ಸ್ವಾಮಿ, ಹೊರಗೆ ಯುದ್ಧಕ್ಕೆ ಹೋಗಿ ನಿದ್ದೆ ಮಾಡ್ತಿದ್ದ ಅಂದುಬಿಟ್ಟರು ತಾತ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಯಾವಾಗ ನಗಬೇಕು ಅನ್ನುವುದು ಗೊತ್ತಾಗುತ್ತದೆ, ತೊಂದರೆಯಿಲ್ಲ.

ಇವರ ಕೆಲಸ ನಿನಗೆ ಗೊತ್ತಲ್ಲ. ಹಳೇ ಗೋಡೆಯ ಬಿರುಕಿಗೆ ಅಡ್ಡಲಾಗಿ ಪುಟ್ಟ ಗಾಜಿನ ಪಟ್ಟಿ ಅಂಟಿಸುತ್ತಾರೆ. ಕೆಲವು ದಿನ ಬಿಟ್ಟು ಹೋಗಿ ನೋಡಿದಾಗ ಗಾಜು ಇಡಿಯಾಗಿದ್ದರೆ ಬಿರುಕು ಹಳೆಯದು, ಭಯವಿಲ್ಲ. ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ. ಇದನ್ನೆಲ್ಲ ಊಟಕ್ಕೆ ಕೂತಾಗ ಎಷ್ಟು ಆಸೆಯಿಂದ ಹೇಳುತ್ತಾರೆ ಗೊತ್ತಾ? ಒಳ್ಳೆಯವರು, ಅಕ್ಕಾ. ಗುಬ್ಬಿಯ ಬಟ್ಟೆ ತಾವೇ ಒಗೆಯುತ್ತಾರೆ. ನೀನು ಮಲಗು, ನಾನು ನೋಡ್ಕೋತೀನಿ ಅನ್ನುತ್ತಾರೆ. ನಾನು ಮಲಗುತ್ತೇನೆ. ಕಣ್ಣು ಮುಚ್ಚಿಕೊಂಡು ಅವಳ ಉಸಿರು ಕೇಳುತ್ತಾ ಇರುತ್ತೇನೆ. ಕೇಳದಿದ್ದರೆ ಎದ್ದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ನೀನು ತರಗತಿಯಲ್ಲಿ ಹಾಜರಿ ಕರೆಯುತ್ತೀಯಲ್ಲ, ಹಾಗೆ. ಇದ್ದಾಳೆ ಅಂತ ಗೊತ್ತಾದ ಮೇಲೂ ಸಮಾಧಾನ ಅನ್ನುವುದು ಬರುವುದಿಲ್ಲ, ಹಾಜರಿ ಆಯಿತು ಅನ್ನಿಸುತ್ತದೆ.

ಮೊನ್ನೆ ನಡೆದದ್ದನ್ನು ಇವರು ಭಾವನಿಗೆ ಹೇಳಿರಬೇಕು, ನಿನ್ನ ಕಿವಿಗೂ ಬಿದ್ದಿರಬೇಕು. ಇವರ ಬಾಯಲ್ಲಿ ಅದು ತಮಾಷೆಯಾಗಿಬಿಟ್ಟಿದೆ. ನಾನೂ ಒಮ್ಮೆ ಬರೆಯುತ್ತೇನೆ.

ಸಮುದ್ರದೊಳಗಿನ ಕೋಟೆಗೆ ದೋಣಿ ಬೇಡ. ನೀರು ಇಳಿದಾಗ ಬಂಡೆಗಳ ದಾರಿಯೊಂದು ಬಯಲಾಗುತ್ತದೆ, ನೀರು ಏರಿದರೆ ಅದು ಮುಳುಗುತ್ತದೆ. ದಡದಲ್ಲಿ ಟಿಕೆಟ್ ಹರಿದು ಕೊಡುವ ಹೆಂಗಸನ್ನು ಎಲ್ಲರೂ ಸೀಟಿಯಮ್ಮ ಅನ್ನುತ್ತಾರೆ. ನೀರು ಏರತೊಡಗಿದ ಕೂಡಲೇ ಸೀಟಿ ಊದಿ ಜನರನ್ನು ವಾಪಸು ಕರೆಯುವುದೂ ಅವರದೇ ಕೆಲಸ. ಅವತ್ತು ನಾವು, ಜೊತೆಗೆ ಗಾರೆ ಮೇಸ್ತ್ರಿ, ಇಷ್ಟೇ ಜನ ಹೋಗಿದ್ದೆವು. ಗೋಡೆ ಎಷ್ಟು ವಾಲಿದೆ ಎಂದು ಅಳೆಯುವ ಯಂತ್ರವೊಂದಿದೆ ಇವರ ಹತ್ತಿರ, ನಮ್ಮ ಗುಬ್ಬಿಯಷ್ಟೇ ಭಾರ. ಜೀಪಿನಲ್ಲಿ ಅದರ ಪೆಟ್ಟಿಗೆ ಮುರಿದುಹೋಯಿತು. ಉಪ್ಪುಗಾಳಿ ತಾಕಿದ್ರೆ ಹಾಳಾಗುತ್ತೆ, ಮೆತ್ತಗಿರೋದೇನಾದ್ರೂ ಕೊಡೇ ಅಂದರು. ಅಮ್ಮ ಒಂದೇ ಬಟ್ಟೆಯಲ್ಲಿ ಎರಡು ಹೊದಿಕೆ ಹೊಲಿದು ಕಳಿಸಿದ್ದಳಲ್ಲ, ಹಳದಿ ಚುಕ್ಕಿಯವು, ಅದರಲ್ಲೊಂದನ್ನು ಕೊಟ್ಟೆ. ಇನ್ನೊಂದರಲ್ಲಿ ಗುಬ್ಬಿ ಇದ್ದಳು.

ಕೋಟೆಯ ಮೇಲೆ ವಿಪರೀತ ಗಾಳಿ. ಹಿಂದೆ ಫಿರಂಗಿ ಇಡುತ್ತಿದ್ದ ಗೂಡೊಂದರಲ್ಲಿ ಮಾತ್ರ ಬೆಚ್ಚಗಿತ್ತು. ಗುಬ್ಬಿಗೆ ನಿದ್ದೆ ಹತ್ತಿದ ಮೇಲೆ ಅಲ್ಲೇ ಮಲಗಿಸಿ ಮುಖದ ಮೇಲೆ ಹೊದಿಕೆಯ ಸೆರಗು ಎಳೆದೆ. ಅಳತೆ ಮುಗಿಸಿ ಇವರು ಯಂತ್ರವನ್ನೂ ಸುತ್ತಿ ಅವಳ ಪಕ್ಕದಲ್ಲಿಟ್ಟರು. ಅಷ್ಟರಲ್ಲಿ ಸೀಟಿ. ಬೇಗ ಬೇಗ ಅಂತ ಎಲ್ಲರಿಗೂ ಅವಸರ. ನಾನು ಒಂದು ಗಂಟು ಎತ್ತಿ ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಮುಂದೆ ನಡೆದೆ. ಮಗು ನನ್ನ ಹತ್ತಿರ ಇದೆ, ಯಂತ್ರ ಮೇಸ್ತ್ರಿಯ ಹತ್ತಿರ ಇದೆ ಅಂದುಕೊಂಡು ಇವರು ಯಂತ್ರ ನಿಲ್ಲಿಸುವ ಮುಕ್ಕಾಲಿ ಹೊತ್ತು ಬಂದರು. ಯಂತ್ರ ಸಾಹೇಬರೇ ತರ್ತಾರೆ ಅಂದುಕೊಂಡು ಮೇಸ್ತ್ರಿ ಬಕೆಟ್ಟು ಹಿಡಿದು ಬಂದ.

ದಡದಲ್ಲಿ ಸೀಟಿಯಮ್ಮ ಕೈ ಚಾಚಿದರು. ಎಲ್ಲಿ, ಕೊಡಮ್ಮಾ ನಮ್ಮ ಯುವರಾಣೀನ, ಕೋಟೆ ಗೆದ್ಕೊಂಡು ಬಂದ್ಲಾ ಅಂದರು. ಹೊದಿಕೆ ಸರಿಸಿದವರು, ಅಯ್ಯೋ ದೇವರೇ, ಇದು ಕಬ್ಬಿಣ ಕಣಮ್ಮಾ, ಕೂಸೆಲ್ಲಿ ಅಂತ ಕಿರುಚಿದರು.

ಇವರೂ ಮೇಸ್ತ್ರಿಯೂ ತಿರುಗಿ ಓಡಿದರು. ಹೋಗುವಾಗ ನೀರು ಪಾದ ತೋಯುವಷ್ಟಿತ್ತು. ಬರುವಾಗ ಇವರು ಮಗುವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದರು. ಗುಬ್ಬಿ ತನ್ನ ಮುಷ್ಟಿ ಚೀಪುತ್ತಾ ಆರಾಮಾಗಿದ್ದಳು. ಹಾಗೇ ತಂದು ನನ್ನ ಮಡಿಲಿಗೆ ಕೊಟ್ಟರು. ತಮಾಷೆ ಶುರುವಾದದ್ದು ಆಮೇಲೆ, ಮನೆಯೊಡತಿಯ ಮುಂದೆ. ಆ ಯಂತ್ರ ಅಳಲ್ಲ, ಒದ್ದೆ ಮಾಡಲ್ಲ, ಬಿಟ್ರೆ ಇವಳು ಅದನ್ನೇ ಸಾಕ್ತಾಳೆ ಅಂದರು. ಹಾಲು ಕುಡಿಸಿದ್ಯೇನಮ್ಮ ಅದಕ್ಕೆ ಅಂತ ಒಡತಿಯೂ ಸೇರಿಕೊಂಡರು. ಈಗ ಬೀದಿಯ ತುಂಬ ಇದೇ ಮಾತು.

ಎದೆ ಒಡೆದುಹೋಯಿತು ಅಂತ ಅಮ್ಮನಿಗೆ ಹೇಳಿದ್ದೇನೆ. ಹಾಗೆ ಹೇಳಬೇಕಲ್ಲವಾ? ನಿನಗೂ ಅದನ್ನೇ ಬರೆಯೋಣ ಅಂತ ಕೂತೆ, ಕೈ ಬರಲಿಲ್ಲ. ಅಂಥದ್ದೇನೂ ಆಗಲಿಲ್ಲ. ಇವರು ನೀರಿನಲ್ಲಿ ಓಡುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಸೀಟಿಯಮ್ಮ ಬಿಚ್ಚಿಟ್ಟ ಹೊದಿಕೆಯನ್ನು ಮತ್ತೆ ಯಂತ್ರಕ್ಕೆ ಸುತ್ತಿದೆ, ಮರಳು ಹೋಗದಿರಲಿ ಅಂತ. ಅಂಚು ಸರಿಯಾಗಿ ಕೂಡದ್ದಕ್ಕೆ ಬಿಚ್ಚಿ ಇನ್ನೊಮ್ಮೆ ಸುತ್ತಿದೆ. ಸೀಟಿಯಮ್ಮ ನನ್ನನ್ನೇ ನೋಡುತ್ತಿದ್ದರು. ಇವರೆಲ್ಲ ಜೀಪು ಹತ್ತಿದ ಮೇಲೆ ಹತ್ತಿರ ಬಂದು, ಊರಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರೇನಮ್ಮ ಅಂತ ಕೇಳಿದರು. ಅಕ್ಕ ಇದ್ದಾಳೆ ಅಂದೆ.

ನಿದ್ದೆಗೆಟ್ಟವರಿಗೆ ಹೀಗೆಲ್ಲ ಆಗುತ್ತದಂತೆ, ಒಡತಿಯೂ ಹೇಳಿದರು. ಸ್ವಲ್ಪ ದಿನ ಹೋದರೆ ಸರಿಯಾಗುತ್ತದೆ. ಆದ್ದರಿಂದ ನೀನು ಪೇಪರು ಬಿಟ್ಟು ಓಡಿಬರುವಂಥದ್ದೇನಿಲ್ಲ. ರಜೆ ಶುರುವಾದ ಮೇಲೆ ಭಾವನ ಜೊತೆ ನಿಧಾನಕ್ಕೆ ಬಾ, ಕೋಟೆ ಎಲ್ಲ ತೋರಿಸುತ್ತೇನೆ. ಗುಬ್ಬಿ ಈಗ ಮಗ್ಗುಲಾಗುತ್ತಾಳೆ. ಎದ್ದಳು ಅನ್ನಿಸುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಬೆನ್ನಿಗೆ ಬಿದ್ದವಳು,
ಇಲಿಮರಿ

ಮರೆತ ಮಾತು: ಲಕೋಟೆ ಅಂಟಿಸಿದ ಮೇಲೆ ಒದ್ದೆ ಮಾಡಿ ಬಿಡಿಸಿದ್ದೇನೆ, ಹರಿದಿದ್ದರೆ ಬೇರೆ ಯಾರೂ ತೆಗೆದದ್ದಲ್ಲ. ಬಂಡೆದಾರಿ ಅರ್ಧ ಮುಗಿಯುವ ಹೊತ್ತಿಗೇ ನನಗೆ ಗೊತ್ತಾಗಿತ್ತು, ಅಕ್ಕಾ. ಹೊದಿಕೆಯೊಳಗಿಂದ ಏನೋ ಮೂಲೆಯೊಂದು ಭುಜಕ್ಕೆ ಒತ್ತುತ್ತಿತ್ತು. ಮಗುವಿಗೆ ಮೂಲೆ ಇರುವುದಿಲ್ಲ. ಗೊತ್ತಾಗಿಯೂ ತಟ್ಟುತ್ತಾ ನಡೆದೆ, ತಿರುಗಲಿಲ್ಲ, ಕೂಗಲಿಲ್ಲ. ಬುಧವಾರದಿಂದ ಅವಳ ಹತ್ತಿರ ನಾನೊಬ್ಬಳೇ ಇರಕೂಡದು. ಈ ಕಾಗದ ತರುವ ಮೇಸ್ತ್ರಿ ನಿಮ್ಮೂರಿಗೆ ಸುಣ್ಣ ಕೊಳ್ಳಲು ಬಂದಿದ್ದಾನೆ, ಮಂಗಳವಾರ ಬೆಳಿಗ್ಗೆ ಲಾರಿಯಲ್ಲಿ ವಾಪಸು ಹೊರಡುತ್ತಾನೆ. ಅವನ ಜೊತೆಗೇ ಹತ್ತಿಬಿಡು. ಇವರಿಗೆ ಹೇಳುವುದನ್ನು ನೀನೇ ಹೇಳು, ನನ್ನಿಂದಾಗುವುದಿಲ್ಲ. ಇಲ್ಲಿಗೆ ಬಂದವರೆಲ್ಲ ಬಾಗಿಲಲ್ಲೇ ಮಗುವಿಗೆ ಕೈ ಚಾಚುತ್ತಾರೆ. ನೀನು ಮೊದಲು ನನ್ನನ್ನು ಹಿಡಿದುಕೋ.